ನನ್ನ ಅಂಗಡೀಲಿ ಕಪ್ಪು ಮುಖ ಇದ್ದಿದ್ದು ದೃಷ್ಟಿ ಗೊಂಬೆಗೆ ಮಾತ್ರ: ಆಟಿಕೆ ತಯಾರಕರಿಗೆ ಒಂದು ಬಹಿರಂಗ ಪತ್ರ

ಆಟದ ಸಾಮಾನು ತಯಾರು ಮಾಡೋ ಕಂಪನಿಗಳ ಮಾಲೀಕರು, ಹೋಲ್‌ಸೇಲ್ ವ್ಯಾಪಾರಸ್ಥರು, ಹಾಗೂ ಕೇಂದ್ರ ವಾಣಿಜ್ಯ ಮತ್ತು ಕೈಗಾರಿಕಾ ಸಚಿವಾಲಯದಲ್ಲಿ ಆಟಿಕೆ ವಿಷಯ ನೋಡ್ಕೊಳ್ಳೋ ಅಧಿಕಾರಿಗಳು, ಇವರಿಗೆ

ಮಾನ್ಯರೇ,

ವಿಷಯ: ಗೊಂಬೆಗಳ ಬಣ್ಣ ಮತ್ತು ಡಬ್ಬದ ಮೇಲಿನ ಫೋಟೋಗಳ ಬಗ್ಗೆ.

ನಾನು ತಿಪಟೂರಲ್ಲಿ ಬಸ್ ಸ್ಟ್ಯಾಂಡ್ ಹತ್ರ ಒಂದು ಫ್ಯಾನ್ಸಿ ಸ್ಟೋರ್ ನಡೆಸ್ತೀನಿ. ಹತ್ತಡಿ ಅಗಲ ಹದಿನಾಲ್ಕಡಿ ಉದ್ದ. ಮುಂದುಗಡೆ ಬಳೆ, ಕ್ಲಿಪ್ಪು, ಹೇರ್‌ಬ್ಯಾಂಡು, ಹಿಂದಿನ ಎರಡು ಗೋಡೆ ಪೂರ್ತಿ ಆಟದ ಸಾಮಾನು. 23 ವರ್ಷ ಆಯ್ತು. ನೀವು ಮಾಡಿದ ಮಾಲು ಎಷ್ಟೋ ಗೋಡೌನು, ಎಷ್ಟೋ ಲಾರಿ ದಾಟಿ ಕೊನೆಗೆ ನನ್ನ ಕೈಯಿಂದ ಮಗು ಕೈಗೆ ಹೋಗುತ್ತೆ, ಆ ಹೊತ್ತಲ್ಲಿ ಆ ಮಗು ಮುಖ ಹೆಂಗಿರುತ್ತೆ ಅನ್ನೋದು ನಿಮಗೆ ಗೊತ್ತಿಲ್ಲ, ನಾನು ನೋಡಿದೀನಿ. ಈ ಪತ್ರ ಬರೆಯೋಕೆ ನನಗಿರೋ ಯೋಗ್ಯತೆ ಅಷ್ಟೇ. ಓದಿರೋದು ಪಿಯುಸಿ, ಅದೂ ಫೇಲು, ತಪ್ಪಿದ್ರೆ ಹೊಟ್ಟೇಗೆ ಹಾಕ್ಕೊಳ್ಳಿ.

ಮೂರು ವರ್ಷದ ಹಿಂದೆ, ಶ್ರಾವಣದ ಒಂದು ಸೋಮವಾರ, ಒಬ್ಬ ಹೆಣ್ಣುಮಗಳು ಮಗೂನ ಕರ್ಕೊಂಡು ಬಂದ್ರು. ಗಾರೆ ಕೆಲಸದೋರು ಅನ್ಸುತ್ತೆ, ಕೈಯೆಲ್ಲಾ ಸಿಮೆಂಟು. ಮಗೂಗೆ ನಾಲ್ಕೈದು ವರ್ಷ ಇರಬಹುದು, ಎಣ್ಣೆಗೆಂಪಿಗಿಂತ ಒಂದು ಪಟ್ಟು ಜಾಸ್ತಿ ಬಣ್ಣ, ಕಣ್ಣು ಮಾತ್ರ ಹಿಂಗೆ ದೊಡ್ಡದು. "ಅಣ್ಣ, ನಮ್ಮ ಪಾಪು ಥರದ್ದು ಗೊಂಬೆ ಕೊಡಿ" ಅಂದ್ರು. ನಾನು ಸೈಜು ಅಂದ್ಕೊಂಡು ಒಂದು ದೊಡ್ಡ ಗೊಂಬೆ ಇಳಿಸಿದೆ. "ಇಷ್ಟು ಬೆಳ್ಳಗಲ್ಲ ಅಣ್ಣ, ಇವಳ ಬಣ್ಣದ್ದು, ದಿನಾ ಪೌಡರ್ ಬಳ್ಕೊಂಡು ಕೂರ್ತಾಳೆ, ಗೊಂಬೆ ಹಂಗೆ ಆಗ್ಬೇಕಂತೆ" ಅಂತ ನಕ್ಕೊಂಡೇ ಹೇಳಿದ್ರು. ನಾನೂ ನಕ್ಕೊಂಡೇ ಹುಡುಕಿದೆ. ಮೇಲಿನ ಹಲಗೆ, ಕೆಳಗಿನ ಹಲಗೆ, ಅಟ್ಟ, ಬಿಚ್ಚದೇ ಇದ್ದ ಬಾಕ್ಸು. ಹಾಲು ಬಿಳುಪು, ರೋಜಾ ಬಿಳುಪು, ಮೇಣದ ಬಿಳುಪು, ಬಿಳುಪಲ್ಲೇ ಎಷ್ಟೊಂದು ಥರ ಇತ್ತು ಗೊತ್ತಾ ನನ್ನ ಹತ್ರ. ನನಗೆ ಬೆವರು ಬಂತು. ಅಷ್ಟರಲ್ಲಿ ಆ ಮಗು ಬಾಗಿಲ ಮೇಲೆ ನೇತಾಕಿದ್ದ ದೃಷ್ಟಿ ಗೊಂಬೆ ಕಡೆ ಕೈ ತೋರಿಸ್ತು. ಹೊಸ ಮನೆ ಕಟ್ಟೋರು ತಗೊಂಡು ಹೋಗ್ತಾರಲ್ಲ ಅದು, ಕರೀ ಮುಖ, ಕೋರೆ ಹಲ್ಲು, ಕೆಂಪು ನಾಲಿಗೆ ಈಚೆ ಚಾಚಿರೋದು. ಇಡೀ ಅಂಗಡೀಲಿ ಕಪ್ಪು ಮುಖ ಅಂತ ಇದ್ದಿದ್ದು ಅದೊಂದೇ.

ಮಗು ತಮಾಷೆಗೆ ತೋರಿಸಿದ್ದಲ್ಲ, "ಅದು ನಂಥರ" ಅಂತು.

ಅವ್ರಮ್ಮ ಏನೂ ಮಾತಾಡದೆ ಒಂದು ಬಲೂನು ಕೊಡಿಸ್ಕೊಂಡು ಹೋದ್ರು. ಅವತ್ತು ರಾತ್ರಿ ಶಟರ್ ಎಳೆದ್ಮೇಲೆ ನಾನು ಕೂತ್ಕೊಂಡು ಎಣಿಸಿದೆ. ಸಣ್ಣದು ದೊಡ್ಡದು ಸೇರಿ 71 ಗೊಂಬೆ, 71ಕ್ಕೆ 71 ಬಿಳೀದೇ. ಎಲ್ಲಾ ಇಲ್ಲೇ ಮಾರಕ್ಕೆ ಅಂತ ಮಾಡಿದ್ದು, ಡಬ್ಬದ ಮೇಲೆ ರೂಪಾಯಲ್ಲಿ ಎಮ್ಮಾರ್ಪಿ ಇದೆ.

ಆಮೇಲೆ ನಾನು ಬೆಂಗಳೂರಿಗೆ ಹೋದಾಗ ಮಾಮೂಲ್‌ಪೇಟೇಲಿ ನಾಲ್ಕು ಅಂಗಡಿ ಸುತ್ತಿ ಕಂದು ಬಣ್ಣದ ಗೊಂಬೆ ಕೇಳಿದೆ. ಒಬ್ರು ನಕ್ರು, ಒಬ್ರು "ಆ ಮಾಲು ಓಡಲ್ಲ ಅಣ್ಣ, ಡಿಮ್ಯಾಂಡ್ ಇಲ್ಲ" ಅಂದ್ರು, ಇನ್ನೊಬ್ರು ಅದನ್ನೇ ಹಿಂದೀಲಿ ಹೇಳಿದ್ರು. ವಾಪಸ್ ಬಂದೆ. ಆದ್ರೆ ಆ ವರ್ಷ ದಸರಾ ಮಾಲಿನ ಜೊತೆ ಬಂದ ಒಂದು ರಟ್ಟಿನ ಬಾಕ್ಸಲ್ಲಿ ಎರಡು ಡಜನ್ ಗೊಂಬೆ ಮಧ್ಯೆ ಆರು ಕಂದು ಬಣ್ಣದವು ಇದ್ದವು. ಅದೇ ಮುಖ, ಅದೇ ಫ್ರಾಕು, ಪ್ಲಾಸ್ಟಿಕ್ ಮಾತ್ರ ಕಂದು. ಇಲ್ಲೊಂದು ತಪ್ಪೊಪ್ಪಿಗೆ ಹೇಳಬೇಕು, ಆ ಮಗು ಆದ್ಮೇಲೂ ನಾನು ಆ ಆರನ್ನ ಎತ್ತಿ ಹಿಂದಿನ ಸಾಲಲ್ಲಿ ಇಟ್ಟೆ, ಹೋಗಲ್ಲ ಅಂತ ನನಗೂ ಒಳಗೊಳಗೆ ಗ್ಯಾರಂಟಿ ಇತ್ತು. ನನ್ನ ಹೆಂಡ್ತಿ ಬೈದು ಈಚೆ ತಂದು ಗಲ್ಲಾ ಪಕ್ಕ ಇಟ್ಟಳು. ದೀಪಾವಳಿ ಹೊತ್ತಿಗೆ ನಾಲ್ಕು ಹೋಯ್ತು, ಫುಲ್ ರೇಟಿಗೆ. ಒಬ್ರು "ಇದ್ಯಾಕೆ ಹಿಂಗೆ ಮಂಕಾಗಿದೆ, ಒಳ್ಳೇದು ಕೊಡಿ" ಅಂದಿದ್ದೂ ಉಂಟು, ಸುಳ್ಳು ಹೇಳಲ್ಲ. ಒಬ್ರು ತಗೊಂಡು ಹೋಗಿ ಅತ್ತೆ ಬೈದ್ರು ಅಂತ ಮಾರನೇ ದಿನ ಬದಲಾಯಿಸ್ಕೊಂಡು ಹೋದ್ರು. ಅದನ್ನೇ ಇನ್ನೊಬ್ರು ತಗೊಂಡ್ರು. ಬಿಳಿ ಗೊಂಬೆನೂ ಅಷ್ಟೇ ಸ್ಪೀಡಲ್ಲೇ ಹೋಗೋದು, ಜಾಸ್ತಿ ಏನಿಲ್ಲ. ನಾನು ಖುಷಿಯಾಗಿ ಹೋಲ್‌ಸೇಲರಿಗೆ ಫೋನ್ ಮಾಡಿ ಇನ್ನೊಂದು ಡಜನ್ ಕಳಿಸಿ ಅಂದ್ರೆ ಅವ್ರು ಹೇಳಿದ್ದೇನು ಗೊತ್ತಾ, "ಅದು ಮಿಸ್ಟೇಕಲ್ಲಿ ಬಂದಿದ್ದು ಸಾರ್, ಮತ್ತೆ ಬರಲ್ಲ."

ಮಾನ್ಯರೇ, ನನ್ನ ತಕರಾರು ಇಲ್ಲಿಂದ ಶುರು. ಡಿಮ್ಯಾಂಡ್ ಇಲ್ಲ ಅಂತೀರಿ. ಇಡದೇ ಇರೋ ಮಾಲಿಗೆ ಡಿಮ್ಯಾಂಡ್ ಇದೆಯೋ ಇಲ್ವೋ ಅಂತ ಯಾರು ಹೋಗಿ ನೋಡಿದ್ರು? ಗಿರಾಕಿ ಕೇಳಿದ್ದನ್ನ ನಾವು ಕೊಡ್ತೀವಿ ಅನ್ನೋದು ನಾನೂ 20 ವರ್ಷ ಹೇಳ್ಕೊಂಡು ಬಂದ ಮಾತೇ, ಆದ್ರೆ ನಿಜ ಏನಂದ್ರೆ ಗಿರಾಕಿ ಹಲಗೆ ಮೇಲೆ ಇರೋದನ್ನ ಕೇಳ್ತಾನೆ. ಇದಕ್ಕೆ ಸಾಕ್ಷಿ ಬೇಕಾದ್ರೆ ಸರ್ಕಾರದ್ದೇ ಇದೆ. 2021ರ ಜನವರಿ 1ರಿಂದ ಆಟಿಕೆಗೆ ಐಎಸ್‌ಐ ಮಾರ್ಕ್ ಕಡ್ಡಾಯ ಆಯ್ತಲ್ಲ, ಅದಕ್ಕೂ ಹಿಂದಿನ ವರ್ಷ ಆಮದು ಸುಂಕ 20 ಪರ್ಸೆಂಟಿಂದ 60ಕ್ಕೆ ಏರಿಸಿದ್ರು, 2023ರಲ್ಲಿ 70 ಮಾಡಿದ್ರು. ಅದುವರೆಗೆ ನನ್ನ ಗೋಡೆ ತುಂಬಾ ಚೀನಾ ಮಾಲೇ. ಸರ್ಕಾರದ ಒಂದು ಆರ್ಡರಿಗೆ ಅರ್ಧ ಗೋಡೆ ಖಾಲಿ ಆಯ್ತು, ತುಂಬಾ ಲಾಸು ಮಾಡ್ಕೊಂಡೆ, ಬೈಕೊಂಡೆ ಕೂಡ. ಆದ್ರೆ ಗಿರಾಕಿಗಳು ಹಳೇದೇ ಬೇಕು ಅಂತ ಗಲಾಟೆ ಮಾಡಿದ್ರಾ? ಇಲ್ಲ. ಹೊಸದಾಗಿ ಏನಿತ್ತೋ ಅದನ್ನ ತಗೊಂಡು ಹೋದ್ರು. ಮಗು ಬಾಯಿಗೆ ಹಾಕೋ ಬಣ್ಣದಲ್ಲಿ ಸೀಸ ಇರಬಾರದು, ಮೂಲೆ ಚೂಪಿರಬಾರದು, ಬೇಗ ಬೆಂಕಿ ಹತ್ತಬಾರದು ಅಂತ ರೂಲ್ಸ್ ಮಾಡಿದ್ದು ಒಳ್ಳೇದೇ ಆಯ್ತು. ಅದರ ಜೊತೆ ಇನ್ನೊಂದು ಆಯ್ತು, ಮುಂಚೆ ನೀವು "ಅಚ್ಚು ಚೀನಾದ್ದು, ನಮ್ಮ ಕೈಲಿಲ್ಲ" ಅಂತಿದ್ರಿ, ಈಗ ಫ್ಯಾಕ್ಟರಿ ನಿಮ್ಮದು, ಅಚ್ಚು ನಿಮ್ಮದು, ಪ್ಲಾಸ್ಟಿಕ್ಕಿಗೆ ಹಾಕೋ ಬಣ್ಣನೂ ನಿಮ್ಮದೇ. ಈಗ ಯಾರ ಮೇಲೆ ಹಾಕ್ತೀರಿ?

ನನ್ನ ಮಗಳು ಮೈಸೂರಲ್ಲಿ ಬಿ.ಎಡ್ ಓದ್ತಾಳೆ. ದೃಷ್ಟಿ ಗೊಂಬೆ ಕಥೆ ಅವಳಿಗೆ ಹೇಳಿದಾಗ ಅವಳು, ಅಪ್ಪ ಇದನ್ನ ಅಮೆರಿಕದಲ್ಲಿ ಆಗಲೇ ಪರೀಕ್ಷೆ ಮಾಡಿ ನೋಡಿದಾರೆ ಅಂದ್ಳು. ಕೆನೆತ್ ಕ್ಲಾರ್ಕ್, ಮ್ಯಾಮಿ ಕ್ಲಾರ್ಕ್ ಅಂತ ಗಂಡ ಹೆಂಡ್ತಿ, ಇಬ್ರೂ ಕಪ್ಪು ಜನಾಂಗದೋರು, ಮನಶ್ಶಾಸ್ತ್ರ ಓದಿದೋರು. 1940ರ ದಶಕದಲ್ಲಿ ಮೂರರಿಂದ ಏಳು ವರ್ಷದ 250ಕ್ಕೂ ಜಾಸ್ತಿ ಕಪ್ಪು ಮಕ್ಕಳ ಮುಂದೆ ಬಣ್ಣ ಬಿಟ್ರೆ ಬೇರೆ ವ್ಯತ್ಯಾಸ ಇಲ್ಲದ ಗೊಂಬೆಗಳನ್ನ ಇಟ್ಟು, ಯಾವುದು ಚೆಂದ, ಯಾವುದು ಕೆಟ್ಟದ್ದು, ಯಾವುದು ನಿನ್ನ ಥರ ಅಂತ ಕೇಳಿದ್ರಂತೆ. ಜಾಸ್ತಿ ಮಕ್ಕಳು ಬಿಳೀದನ್ನೇ ಚೆಂದ ಅಂದ್ವು. ಕೊನೇ ಪ್ರಶ್ನೆ ಬಂದಾಗ ಕೆಲವು ಮಕ್ಕಳು ಅತ್ತವಂತೆ. 1954ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಕಪ್ಪು ಮಕ್ಕಳಿಗೆ ಬೇರೆ ಸ್ಕೂಲು ಇಡೋದು ತಪ್ಪು ಅಂತ ತೀರ್ಪು ಕೊಟ್ಟಾಗ ಈ ಸಂಶೋಧನೆನೂ ಲೆಕ್ಕಕ್ಕೆ ತಗೊಂಡಿತ್ತು. ಗೊಂಬೆ ಕೋರ್ಟಿನವರೆಗೆ ಹೋಗಿದೆ ನೋಡಿ. ನನ್ನ ಅಂಗಡಿ ಬಾಗಿಲಲ್ಲಿ ಆಗಿದ್ದೂ ಅದೇ ಪರೀಕ್ಷೆ, ನಾವು ಬೇಕಂತ ಮಾಡಿದ್ದಲ್ಲ ಅಷ್ಟೇ.

ಆಮೇಲೆ ನಾನೇ ರಾತ್ರಿ ಮೊಬೈಲಲ್ಲಿ ಹುಡುಕಿ ಹುಡುಕಿ ಓದಕ್ಕೆ ಶುರು ಮಾಡಿದೆ. ಅಮೆರಿಕದ ಬಾರ್ಬಿ ಗೊಂಬೆ ಬಂದಿದ್ದು 1959ರಲ್ಲಿ, ಆದ್ರೆ ಬಾರ್ಬಿ ಅನ್ನೋ ಹೆಸರಲ್ಲೇ ಕಪ್ಪು ಗೊಂಬೆ ಬರೋಕೆ 1980 ಆಗಬೇಕಾಯ್ತು. ಅದಕ್ಕೂ ಮುಂಚೆ ಇದ್ದಿದ್ದು ಬಾರ್ಬಿಯ ಗೆಳತಿ ಅಂತೆ. 1965ರಲ್ಲಿ ಒಂದು ಬಾರ್ಬಿ ಜೊತೆ ಪುಟಾಣಿ ತೂಕದ ಮಿಷನ್ ಕೊಟ್ಟಿದ್ರು, ಮುಳ್ಳು 110 ಪೌಂಡಿಗೆ, ಅಂದ್ರೆ ಹತ್ತತ್ರ 50 ಕೆಜಿಗೆ ಅಂಟಿಸಿಬಿಟ್ಟಿದ್ರು, ಜೊತೆಗೆ ತೂಕ ಇಳಿಸೋದು ಹೆಂಗೆ ಅಂತ ಒಂದು ಪುಸ್ತಕ, ಅದರ ಹಿಂದಿನ ರಟ್ಟಿನ ಮೇಲೆ ಇದ್ದ ಸಲಹೆ ಏನು ಅಂದ್ರೆ ತಿನ್ನಬೇಡ ಅಂತ. ಆಟ ಆಡೋ ಮಗೂಗೆ! 1992ರಲ್ಲಿ ಮಾತಾಡೋ ಬಾರ್ಬಿ ಮಾಡಿದ್ರು, ಅದು ಹೇಳೋ ಮಾತಲ್ಲಿ ಒಂದು ಗಣಿತ ಕ್ಲಾಸು ಕಷ್ಟ ಅಂತ. ಜನ ಗಲಾಟೆ ಮಾಡಿದ್ಮೇಲೆ ತೆಗೆದ್ರು. 2006ರಲ್ಲಿ ಇಂಗ್ಲೆಂಡಲ್ಲಿ ಐದರಿಂದ ಎಂಟು ವರ್ಷದ 162 ಹೆಣ್ಣುಮಕ್ಕಳ ಮೇಲೆ ಮಾಡಿದ ಅಧ್ಯಯನ ಇದೆ, ಬಾರ್ಬಿ ಚಿತ್ರ ಇರೋ ಕಥೆ ಪುಸ್ತಕ ನೋಡಿದ ಚಿಕ್ಕ ಮಕ್ಕಳಿಗೆ ತಮ್ಮ ಮೈ ಬಗ್ಗೆ ಬೇಜಾರು ಜಾಸ್ತಿ ಆಗಿ ಇನ್ನೂ ಸಣ್ಣ ಆಗಬೇಕು ಅನ್ಸಿತ್ತು, ದಪ್ಪ ಗೊಂಬೆ ಚಿತ್ರ ನೋಡಿದ ಮಕ್ಕಳಿಗೆ ಹಂಗಾಗಿರಲಿಲ್ಲ. ಐದು ವರ್ಷ ಅಂದ್ರೆ ಇನ್ನೂ ತುತ್ತು ತಿನ್ನಿಸೋ ವಯಸ್ಸು ಕಣ್ರೀ. 2016ರಲ್ಲಿ ಬಾರ್ಬಿ ಮಾಡೋ ಕಂಪನಿನೇ ಮೂರು ಹೊಸ ಮೈಕಟ್ಟು, ಏಳು ಮೈಬಣ್ಣ ಅಂತ ಗೊಂಬೆ ಬಿಟ್ಟಿತು. ನಮ್ಮ ಬಸ್ ಸ್ಟ್ಯಾಂಡ್‌ವರೆಗೂ ಅವು ಇನ್ನೂ ಬಸ್ ಹತ್ತಿಲ್ಲ.

ನಾನೇನು ಸಾಚಾ ಅಲ್ಲ. ಗೊಂಬೆ ಹಲಗೆ ಕೆಳಗೇ ಬೆಳ್ಳಗಾಗೋ ಕ್ರೀಮ್ ಮಾರ್ತೀನಿ, 2020ರಲ್ಲಿ ಫೇರ್ ಅಂಡ್ ಲವ್ಲಿ ಹೆಸರು ಗ್ಲೋ ಅಂಡ್ ಲವ್ಲಿ ಆದ್ರೂ ಜನ ಹಳೇ ಹೆಸರಲ್ಲೇ ಕೇಳ್ತಾರೆ, ನಾನೂ ಹಳೇ ಹೆಸರಲ್ಲೇ ಕೊಡ್ತೀನಿ. ಕ್ರೆಯಾನ್ ತಗೊಳ್ಳೋ ಮಕ್ಕಳು "ಸ್ಕಿನ್ ಕಲರ್ ಇದೆಯಾ ಅಂಕಲ್" ಅಂತ ಕೇಳಿದ್ರೆ ತಿಳಿ ಗುಲಾಬಿ ಕಡ್ಡಿ ಇರೋ ಪ್ಯಾಕೇ ಕೊಟ್ಟಿದೀನಿ, ಕೊಡೋ ನನ್ನ ಕೈ, ತಗೊಳ್ಳೋ ಅವರ ಕೈ ಎರಡೂ ಆ ಬಣ್ಣ ಅಲ್ಲ. ಅಮೆರಿಕದ ಕ್ರೆಯಾನ್ ಕಂಪನಿ 1962ರಲ್ಲೇ ಆ ಥರದ ಹೆಸರು ತೆಗೆದು ಪೀಚ್ ಹಣ್ಣಿನ ಹೆಸರು ಇಟ್ಟಿತು. ನಾವಿನ್ನೂ ಸ್ಕಿನ್ ಕಲರಲ್ಲೇ ಇದೀವಿ. ಇನ್ನು ದಸರಾ ಟೈಮಲ್ಲಿ ಬರೋ ಗೊಂಬೆ ಸೆಟ್ಟು ನೋಡಿ, ದೇವರೆಲ್ಲಾ ಬೆಳ್ಳಗೆ, ರಾಕ್ಷಸ ಕಪ್ಪು. ಕೃಷ್ಣ ಅಂದ್ರೆನೇ ಕಪ್ಪು ಅಂತ ಅರ್ಥ, ಅವನಿಗೂ ಆಕಾಶದ ನೀಲಿ ಬಳಿದು ಕಳಿಸ್ತೀರಿ, ಮಹಿಷಾಸುರನಿಗೆ ಮಾತ್ರ ಕಪ್ಪು ಡಬ್ಬ ಪೂರ್ತಿ ಸುರೀತೀರಿ.

ಬಣ್ಣದ ವಿಷಯ ಇಲ್ಲಿಗೆ ಬಿಡ್ತೀನಿ. ಡಬ್ಬದ ವಿಷಯ.

ನನ್ನ ಅಂಗಡೀಲಿ ಎಲ್ಲಕ್ಕಿಂತ ಜಾಸ್ತಿ ಹೋಗೋ ಗಾಡಿ ಜೆಸಿಬಿ. ಊರಲ್ಲಿ ಜೆಸಿಬಿ ಬಂದ್ರೆ ಮುದುಕರಿಂದ ಹಿಡಿದು ಎಲ್ಲರೂ ನಿಂತು ನೋಡ್ತಾರೆ, ಮಕ್ಕಳು ಬಿಡ್ತಾವಾ. ಹೋದ ಬೇಸಿಗೇಲಿ ಒಂದು ಹುಡುಗಿ, ಆರು ವರ್ಷ ಇರಬಹುದು, ಅಜ್ಜಿ ಜೊತೆ ಬಂದು ಜೆಸಿಬಿ ಮುಂದೆ ಕೂತುಬಿಟ್ಟಳು. ಮುಂದಿನ ಬಕೆಟ್ ಯಾವುದು, ಹಿಂದಿನ ಕೈ ಯಾವುದು, ಕಾಲು ಊರೋದು ಯಾಕೆ ಎಲ್ಲಾ ನನಗೇ ಪಾಠ ಮಾಡಿದ್ಳು. ಅಜ್ಜಿ "ಅದು ಗಂಡುಡ್ಗರ್ದು ಕಣವ್ವ, ಬೇರೆ ತಗಾ" ಅಂದ್ರು. ಮಗು ಒಪ್ಪಲಿಲ್ಲ, ಡಬ್ಬ ಎತ್ಕೊಂಡು ತಿರುಗಿಸಿ ತಿರುಗಿಸಿ ನೋಡಿ, ನಾಲ್ಕೂ ಕಡೆ ನೋಡಿ, ಕೆಳಗಿಟ್ಟಳು. "ಹೂಂ, ಹುಡ್ಗ ಅವ್ನೆ." ಅಷ್ಟೇ. ಅಜ್ಜಿ ಮಾತಿಗೆ ಸೋಲದೇ ಇದ್ದೋಳು ನಿಮ್ಮ ಫೋಟೋಗೆ ಸೋತಳು. ಆ ಡಬ್ಬದಲ್ಲಿ ಒಂದೇ ಒಂದು ಕಡೆ ಹುಡುಗಿ ಫೋಟೋ ಇದ್ದಿದ್ರೆ ನನಗೆ ಅವತ್ತು 450 ರೂಪಾಯಿ ವ್ಯಾಪಾರ ಆಗ್ತಿತ್ತು, ಇದನ್ನ ವ್ಯಾಪಾರದ ಲೆಕ್ಕದಲ್ಲೇ ನೋಡಿ ಬೇಕಾದ್ರೆ.

ಇನ್ನೊಬ್ರು ಇದಾರೆ, ನಮ್ಮ ಕಡೆ ಮದುವೆ ಅಡುಗೆ ಕಾಂಟ್ರಾಕ್ಟ್ ಮಾಡೋರು. ಒಂದೇ ಹೊತ್ತಿಗೆ ಸಾವಿರ ಜನಕ್ಕೆ ಬಿಸಿಬೇಳೆಬಾತ್ ಮಾಡಿ ಇಳಿಸೋ ಕೈ. ಅವರ ಮಗ ಕಿಚನ್ ಸೆಟ್ ಬೇಕು ಅಂತ ಅತ್ತ. ಪುಟ್ಟ ಕುಕ್ಕರು, ಪುಟ್ಟ ಗ್ಯಾಸ್ ಒಲೆ, ಸೌಟು. ಡಬ್ಬ ಪೂರ್ತಿ ಪಿಂಕು, ಮೇಲೆ ಎರಡು ಜಡೆ ಹುಡುಗಿ. "ಲೇ ಅದು ಹೆಣ್ಮಕ್ಳು ಆಡೋದು, ನಡಿ" ಅಂತ ದರದರ ಎಳ್ಕೊಂಡು ಹೋದ್ರು. ನಾನು "ಏನ್ ಸಾಮಿ, ನಿಮ್ಮ ಕಸುಬೇ ಅಲ್ವಾ" ಅಂದಿದ್ದಕ್ಕೆ ಅವರಿಗೇ ಒಂದು ಕ್ಷಣ ಏನು ಹೇಳಬೇಕು ಗೊತ್ತಾಗಲಿಲ್ಲ, ಆಮೇಲೆ "ಅದು ಡ್ಯೂಟಿ ಕಣಯ್ಯ" ಅಂದ್ರು. ನಗು ಬಂತು, ಆದ್ರೆ ಪೂರ್ತಿ ನಗಕ್ಕಾಗಲಿಲ್ಲ, ಯಾಕಂದ್ರೆ ನಾನೂ ಯಾರೇ ಬಂದ್ರೂ ಮೊದಲು ಕೇಳೋ ಪ್ರಶ್ನೆ ಇದೇ: "ಗಂಡು ಮಗೂಗಾ ಹೆಣ್ಣು ಮಗೂಗಾ?" 23 ವರ್ಷದಲ್ಲಿ ಎಷ್ಟು ಸಾವಿರ ಸಲ ಕೇಳಿದೀನೋ. ಗಂಡು ಅಂದ್ರೆ ಕೈ ತಾನಾಗೇ ಎಡಗಡೆ ಗೋಡೆಗೆ ಹೋಗುತ್ತೆ, ಹೆಣ್ಣು ಅಂದ್ರೆ ಬಲಗಡೆಗೆ. ಮಗು ಪಕ್ಕದಲ್ಲೇ ನಿಂತಿರುತ್ತೆ, ಅದನ್ನ ಯಾರೂ ಕೇಳಲ್ಲ.

ಪಿಂಕ್ ಹೆಣ್ಣಿನ ಬಣ್ಣ, ನೀಲಿ ಗಂಡಿನ ಬಣ್ಣ ಅನ್ನೋದು ದೇವರು ಮಾಡಿದ್ದು ಅಂತ ಅಂದ್ಕೊಂಡಿದ್ದೆ. 1918ರಲ್ಲಿ ಅಮೆರಿಕದ ಮಕ್ಕಳ ಬಟ್ಟೆ ವ್ಯಾಪಾರಿಗಳ ಪತ್ರಿಕೆ ಒಂದು, ಪಿಂಕ್ ಗಟ್ಟಿ ಬಣ್ಣ ಅದಕ್ಕೆ ಗಂಡಿಗೆ, ನೀಲಿ ನಾಜೂಕು ಅದಕ್ಕೆ ಹೆಣ್ಣಿಗೆ ಅಂತ ಬರೆದಿತ್ತಂತೆ. ಅಂದ್ರೆ ಇದೆಲ್ಲಾ ನಮ್ಮ ನಿಮ್ಮಂಥ ವ್ಯಾಪಾರಸ್ಥರು ಕೂತು ಮಾಡಿದ್ದು, ಹಂಗಾದ್ರೆ ನಾವೇ ಬಿಡಬಹುದು. ಸ್ಪೇನ್ ದೇಶದಲ್ಲಿ 2022ರ ಡಿಸೆಂಬರಿಂದ ಅಲ್ಲಿನ ಆಟಿಕೆ ತಯಾರಕರೇ ಸರ್ಕಾರದ ಜೊತೆ ಕೂತು, ಜಾಹೀರಾತಲ್ಲಿ ಗೊಂಬೆ ಅಂದ್ರೆ ಬರೀ ಹುಡುಗಿ, ಗಾಡಿ ಅಂದ್ರೆ ಬರೀ ಹುಡುಗ ಅಂತ ತೋರಿಸಲ್ಲ ಅಂತ ಒಪ್ಪಂದ ಮಾಡ್ಕೊಂಡಿದಾರೆ. ಕ್ಯಾಲಿಫೋರ್ನಿಯಾದಲ್ಲಿ 2024ರಿಂದ ದೊಡ್ಡ ಅಂಗಡಿಗಳು ಗಂಡು ಹೆಣ್ಣು ಅಂತ ಭೇದ ಇಲ್ಲದ ಒಂದು ಆಟಿಕೆ ವಿಭಾಗ ಇಡಲೇಬೇಕು ಅಂತ ಕಾನೂನು. ನನ್ನ ಹತ್ತಡಿ ಅಂಗಡಿಗೆ ಅಂಥ ಕಾನೂನು ಬೇಕಿಲ್ಲ, ನಾನು ಹೋದ ವರ್ಷವೇ ಎರಡೂ ಗೋಡೆ ಕಲಸಿ ಜೋಡಿಸಿದೀನಿ. ಆದ್ರೆ ಡಬ್ಬಗಳು ಅಲ್ಲೂ ಕೂಗ್ತಾ ಇರ್ತಾವೆ, ಅದನ್ನ ನಾನು ಏನು ಮಾಡಕ್ಕಾಗಲ್ಲ, ಸ್ಟಿಕರ್ ಅಂಟಿಸಿ ನೋಡಿದೆ, ಹಳೇ ಮಾಲಾ ಅಂತ ಚೌಕಾಸಿ ಮಾಡ್ತಾರೆ.

ಇದೆಲ್ಲಾ ಫಾರಿನ್ ವಿಚಾರ, ನಮ್ಮ ಸಂಸ್ಕೃತಿಗೆ ಆಗಲ್ಲ ಅಂತ ಯಾರಾದ್ರೂ ಅಂತೀರೇನೋ. ಸ್ವಾಮಿ, ನಮ್ಮಮ್ಮನ ಮದುವೇಲಿ ತವರು ಮನೆಯಿಂದ ಕೊಟ್ಟ ಪಟ್ಟದ ಗೊಂಬೆ ಇನ್ನೂ ಮನೇಲಿದೆ, ರಕ್ತಚಂದನದ್ದು. ಒಳ್ಳೆ ಕೆಂಪು ಬೆರೆತ ಕಂದು ಬಣ್ಣ, ಎಣ್ಣೆ ಸವರಿ ಸವರಿ ಇನ್ನೂ ಕಪ್ಪಗಾಗಿದೆ. ನವರಾತ್ರೀಲಿ ಎಲ್ಲಕ್ಕಿಂತ ಮೇಲಿನ ಮೆಟ್ಟಿಲ ಮೇಲೆ ಕೂರಿಸೋದು ಅವನ್ನೇ, ರಾಜ ರಾಣಿ ಒಂದೇ ಬಣ್ಣ, ಹತ್ತತ್ರ ಒಂದೇ ಎತ್ತರ. ಕೆಳಗಿನ ಮೆಟ್ಟಿಲಲ್ಲಿ ಶೆಟ್ಟಿ ಗೊಂಬೆ, ಮುಂದೆ ಬೇಳೆ ಕಾಳು ಬೆಲ್ಲ ಇಟ್ಕೊಂಡು ಗಂಡ ಹೆಂಡ್ತಿ ಇಬ್ರೂ ಅಂಗಡೀಲಿ ಕೂತಿರ್ತಾರೆ. (ನಮ್ಮನೇಲೂ ಹಂಗೇ, ಗಲ್ಲಾ ಮಾತ್ರ ಅವಳ ಕೈಲಿ.) ಉತ್ತರ ಕರ್ನಾಟಕದ ಕಡೆ ಆಷಾಢದಲ್ಲಿ ಹೆಣ್ಣುಮಕ್ಕಳು ಮಣ್ಣಲ್ಲಿ ಗುಳ್ಳವ್ವ ಅನ್ನೋ ದೇವೀನ ಮಾಡ್ತಾರೆ, ಅವಳು ಹೊಲದ ಮಣ್ಣಿನ ಬಣ್ಣದೋಳೇ. ಬಿಳೀ ಗೊಂಬೆನೇ ಸಂಸ್ಕೃತಿ ಅನ್ನೋದು ಪ್ಲಾಸ್ಟಿಕ್ ಬಂದ್ಮೇಲಿನ ಮಾತು.

ಚನ್ನಪಟ್ಟಣದ ಕಸುಬಿನೋರಿಗೂ ಒಂದು ಮಾತು, ನಿಮ್ಮ ಮೇಲೆ ಸಿಟ್ಟಿಲ್ಲ, ಪ್ರೀತಿಯಿಂದಲೇ. 2020ರ ಆಗಸ್ಟಲ್ಲಿ ಪ್ರಧಾನಿಗಳೇ ರೇಡಿಯೋದಲ್ಲಿ ನಿಮ್ಮೂರ ಹೆಸರು ಹೇಳಿದ್ರು, ಇದು ಈ ಊರಿನದ್ದೇ ಮಾಲು ಅಂತ ಗುರುತಿಸೋ ಜಿಐ ಟ್ಯಾಗ್ ಇದೆ, ಐಎಸ್‌ಐ ಮಾರ್ಕಿನ ಕಡ್ಡಾಯದಿಂದಲೂ ಜಿಐ ಗೊಂಬೆಗೆ ವಿನಾಯ್ತಿ ಸಿಕ್ಕಿದೆ. ನೀವು ಗೊಂಬೆ ಮಾಡೋ ಆಲೆ ಮರ ಬೆಳ್ಳಗಿರುತ್ತೆ, ಹಂಗಾಗಿ ಮುಖ ಬೆಳ್ಳಗೆ ಬಿಡ್ತೀರಿ ಅಂತ ಗೊತ್ತು. ಆದ್ರೆ ಅರಗಿಗೆ ಅರಿಶಿನ ಬಣ್ಣ, ಕುಂಕುಮದ ಬಣ್ಣ ಇಷ್ಟು ಚೆಂದ ಕೂರಿಸೋ ನಿಮಗೆ ಬೆಲ್ಲದ ಬಣ್ಣ ಕೂರಿಸೋದು ಕಷ್ಟವಾ? ಮರ ತಿರುಗಿಸೋ ನಿಮ್ಮ ಚರಕಿಯ ಮೇಲೆ ಒಂದು ಕೈ ಪ್ರಯತ್ನ ಮಾಡಿ.

ನನ್ನ ಬೇಡಿಕೆ ದೊಡ್ಡದೇನಿಲ್ಲ. ಕಂಪನಿಯೋರು ಪ್ರತಿ ಡಜನ್ ಗೊಂಬೇಲಿ ಕಡೇಪಕ್ಷ ನಾಲ್ಕು ನಮ್ಮ ಜನರ ಬಣ್ಣದ್ದು ಹಾಕಿ, ಅದೇ ರೇಟಿಗೆ, ಅದೇ ಒಳ್ಳೇ ಫ್ರಾಕ್ ಹಾಕಿ. ಸ್ಪೆಷಲ್ ಎಡಿಷನ್ ಅಂತ ದುಪ್ಪಟ್ಟು ರೇಟ್ ಬೇಡ, ಬುಡಕಟ್ಟು ಗೊಂಬೆ ಅಂತ ಸೊಂಟಕ್ಕೆ ಎಲೆ ಸುತ್ತೋದೂ ಬೇಡ. ಜೆಸಿಬಿ, ಬಿಲ್ಡಿಂಗ್ ಬ್ಲಾಕ್ಸು, ಡಾಕ್ಟರ್ ಸೆಟ್ಟು, ಕಿಚನ್ ಸೆಟ್ಟು ಎಲ್ಲದರ ಡಬ್ಬದ ಮೇಲೂ ಒಂದು ಹುಡುಗ ಒಂದು ಹುಡುಗಿ ಫೋಟೋ ಹಾಕಿ, ಇಲ್ಲಾ ಯಾರ ಫೋಟೋನೂ ಬೇಡ, ಬರೀ ಜೆಸಿಬಿ ಫೋಟೋ ಹಾಕಿ, ಅದೇ ಚೆನ್ನಾಗಿರುತ್ತೆ. ಸಚಿವಾಲಯದ ಅಧಿಕಾರಿಗಳಲ್ಲಿ ಕೇಳ್ಕೊಳ್ಳೋದು, ಕಾನೂನೇ ಮಾಡಿ ಅಂತಲ್ಲ, ತಯಾರಕರನ್ನ ಕರೆದು ಕೂರಿಸಿ ಸ್ಪೇನಲ್ಲಿ ಆದಂಗೆ ಒಂದು ಒಪ್ಪಂದ ಮಾಡಿಸಿ, ಆಟಿಕೆ ಮೇಳ ನಡೆಸ್ತೀರಲ್ಲ ಅಲ್ಲಿ ಇದನ್ನೂ ಒಂದು ವಿಷಯ ಮಾಡಿ. ಹೋಲ್‌ಸೇಲ್ ಅಣ್ಣಂದಿರು ಫೋನಲ್ಲಿ ಓಡಲ್ಲ ಅನ್ನೋ ಮುಂಚೆ ಒಂದು ಸೀಸನ್ ತರಿಸಿ ನೋಡಿ.

ರಿಸ್ಕ್ ನನಗೂ ಇರಲಿ. ಈ ದಸರಾಕ್ಕೆ ಎರಡು ಡಜನ್ ಕಂದು ಗೊಂಬೆ ಕೊಡೋರು ಯಾರಾದ್ರೂ ಇದ್ರೆ ಪೂರ್ತಿ ಅಡ್ವಾನ್ಸ್ ಕೊಡ್ತೀನಿ, ಉಳಿದ್ರೂ ರಿಟರ್ನ್ ಮಾಡಲ್ಲ. ಮಿಸ್ಟೇಕಲ್ಲಿ ಬಂದ ಆರರಲ್ಲಿ ಐದನೇದು ಆಮೇಲೆ ಯುಗಾದಿಗೆ ಹೋಯ್ತು, ಒಂದು ಉಳಿದಿದೆ. ಅದನ್ನ ಮಾರಲ್ಲ, ಆ ಗಾರೆ ಕೆಲಸದ ತಾಯಿ ಮತ್ತೆ ಈ ಕಡೆ ಬರಬಹುದು ಅಂತ ಗಲ್ಲಾ ಹಿಂದೆ ಎತ್ತಿಟ್ಟಿದೀನಿ. ನಿಮಗೆ ಸ್ಯಾಂಪಲ್ ಬೇಕು ಅಂದ್ರೆ ಹೇಳಿ, ಕೊರಿಯರ್ ಮಾಡ್ತೀನಿ. ಬಣ್ಣ ನೋಡ್ಕೊಂಡು ವಾಪಸ್ ಕಳಿಸಿಬಿಡಿ.

ಇಂತಿ ನಿಮ್ಮ ವಿಶ್ವಾಸಿ,
ತಿಪಟೂರಿನ ಒಬ್ಬ ಫ್ಯಾನ್ಸಿ ಸ್ಟೋರಿನವನು